ದರ್ಜಿಯ ಒಳಜೇಬು

ಸೇನೆಗೆ ಸೇರುವ ಮೊದಲು ಅವನು ಅಣ್ಣನ ಹೊಲಿಗೆ ಅಂಗಡಿಯಲ್ಲಿದ್ದ. ಅಳತೆ ತೆಗೆಯುವುದು, ಬಟ್ಟೆ ಕತ್ತರಿಸುವುದು, ಗಿರಾಕಿಗಳ ಜೊತೆ ಊರ ಸುದ್ದಿ ಮಾತಾಡುವುದು ಎಲ್ಲ ಅಣ್ಣನ ಕೆಲಸ. ತಮ್ಮನ ಪಾಲಿಗೆ ಬಂದದ್ದು ಗುಂಡಿ, ಕಾಜಾ, ಅಂಚು ಮಡಿಚುವುದು, ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುವುದು. ಅವನಿಗೆ ಅದರ ಬಗ್ಗೆ ಬೇಸರವೂ ಇರಲಿಲ್ಲ. ಮಾತು ಕಮ್ಮಿ, ಕೈ ಚುರುಕು. ಅತ್ತಿಗೆ ಅವನನ್ನು ಚಿಕ್ಕಂದಿನಿಂದ ಸಾಕಿದವಳು. "ಇವನ ಬಾಯಲ್ಲಿರಬೇಕಾದ್ದನ್ನೆಲ್ಲ ದೇವರು ಬೆರಳಿಗೆ ಹಾಕಿಬಿಟ್ಟಿದ್ದಾನೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಯುದ್ಧ ಶುರುವಾಗಿ, ಓಣಿಯ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ ಎದೆಯ ಅಳತೆ ತೆಗೆದರು. ಅಳತೆ ತೆಗೆಯುವವನು ಟೇಪನ್ನು ತಪ್ಪಾಗಿ ಹಿಡಿದಿದ್ದಾನೆ ಎಂಬುದನ್ನು ಬಿಟ್ಟರೆ ತಮ್ಮನಿಗೆ ಆ ಹೊತ್ತಿನಲ್ಲಿ ಬೇರೇನೂ ತೋಚಲಿಲ್ಲ. ಮೇಜಿನ ಹಿಂದೆ ಕೂತಿದ್ದ ಡಾಕ್ಟರು ಅವನ ಬೆರಳ ತುದಿಯಲ್ಲಿದ್ದ ಸೂಜಿಯ ಗುರುತುಗಳನ್ನು ನೋಡಿ, ಏನು ಕೆಲಸ ಮಾಡುತ್ತೀ ಎಂದು ಕೇಳಿದರು. ಹೊಲಿಗೆ ಎಂದ. ಹಾಗಾದರೆ ಇವನನ್ನು ನಮ್ಮ ಕಡೆ ಕಳಿಸಿ, ಬಟ್ಟೆ ಹೊಲಿದವನು ಚರ್ಮ ಹೊಲಿಯಲಾರನೇ ಎಂದು ಅವರು ನಕ್ಕರು. ಸಾಲಿನಲ್ಲಿದ್ದವರೂ ನಕ್ಕರು. ಆವತ್ತಿನಿಂದ ಅವನ ಹೆಸರು ದರ್ಜಿ ಎಂದೇ ಆಯಿತು. ಸೇನೆಯಲ್ಲಿ ಹೆತ್ತವರು ಇಟ್ಟ ಹೆಸರಿಗಿಂತ ಜೊತೆಯವರು ಇಟ್ಟ ಹೆಸರೇ ಹೆಚ್ಚು ಬಾಳಿಕೆ ಬರುತ್ತದೆ.

ಅತ್ತಿಗೆಗೆ ಸಮಾಧಾನವಾಯಿತು. ಬಂದೂಕು ಹಿಡಿಯುವುದಲ್ಲವಲ್ಲ, ನಾಲ್ಕು ಜನರನ್ನು ಬದುಕಿಸುವ ಕೆಲಸ, ಪುಣ್ಯ ಬರುತ್ತದೆ ಎಂದಳು. ದರ್ಜಿಯೂ ಹಾಗೆಯೇ ಅಂದುಕೊಂಡ. ತರಬೇತಿಯಲ್ಲಿ ಕಲಿಸಿದ್ದನ್ನೆಲ್ಲ ಕೈ ತಾನಾಗಿ ಕಲಿಯಿತು. ಸೂಜಿಗಳನ್ನು ಕುದಿಸುವುದು, ಮೊಂಡಾದ ಸೂಜಿಯನ್ನು ಕಲ್ಲಿಗೆ ಉಜ್ಜಿ ಹರಿತ ಮಾಡುವುದು, ರಕ್ತ ನಿಲ್ಲಿಸಲು ತೊಡೆಗೆ ಎಲ್ಲಿ ಕಟ್ಟಬೇಕು, ಕಟ್ಟಿದ್ದನ್ನು ಯಾವಾಗ ಸಡಿಲಿಸಬೇಕು. ಮದ್ದಿನ ಗಾಜಿನ ಕೊಳವೆಯ ಕತ್ತಿಗೆ ಸಣ್ಣ ಅರದಿಂದ ಗೀರು ಹಾಕಿ ಬೆರಳಲ್ಲಿ ಟಕ್ಕೆಂದು ಮುರಿಯುವುದಂತೂ ಅವನಿಗೆ ನೂಲು ಹರಿದಷ್ಟೇ ಸಲೀಸು. ಕಲಿಸಿದ ಹಿರಿಯ ಒಂದು ಮಾತನ್ನು ಪ್ರತಿದಿನ ಹೇಳುತ್ತಿದ್ದ: ಕೊಳವೆ ಒಡೆಯುವ ಮೊದಲು ಅದರ ಮೇಲಿನ ಚೀಟಿ ಓದಿ, ಪಕ್ಕದವನಿಗೂ ಕೊಟ್ಟು ಓದಿಸಿ. ನಿಮ್ಮ ಕಣ್ಣನ್ನು ನಂಬಬೇಡಿ, ನಾಲ್ಕು ಕಣ್ಣನ್ನು ನಂಬಿ.

ಅವರ ತುಕಡಿ ಚಳಿಗಾಲಕ್ಕೆ ಗುಡ್ಡದ ಮೇಲಿನ ಒಂದು ಊರು ಸೇರಿತು. ಊರವರು ಬಿಟ್ಟುಹೋಗಿದ್ದರು. ಶಾಲೆಯೊಂದು ಆಸ್ಪತ್ರೆಯಾಯಿತು. ಎರಡೆರಡು ಬೆಂಚು ಜೋಡಿಸಿದರೆ ಒಂದು ಮಂಚ, ಮಾಸ್ತರರ ಮೇಜು ಆಪರೇಷನ್ನಿಗೆ, ನಕಾಶೆ ತೂಗುಹಾಕುವ ಮೊಳೆಗೆ ಮದ್ದುನೀರಿನ ಬಾಟಲಿ. ಕರಿಹಲಗೆಯ ಮೇಲೆ ಯಾರೋ ಬಿಡಿಸದೆ ಬಿಟ್ಟುಹೋದ ಭಾಗಾಕಾರ ಇತ್ತು. ಅದನ್ನು ಯಾರೂ ಒರೆಸಲಿಲ್ಲ. ಕಾಲಿಗೆ ಪೆಟ್ಟಾಗಿ ಮಲಗಿದ್ದ ಒಬ್ಬ ಸಿಪಾಯಿ ಅದನ್ನು ದಿಟ್ಟಿಸಿ ದಿಟ್ಟಿಸಿ, ಕೊನೆಗೆ ಉತ್ತರ ಹೇಳಿದ. ತಪ್ಪು ಉತ್ತರ. ಎಲ್ಲರೂ ಸರಿ ಎಂದರು.

ದರ್ಜಿಯ ಜೊತೆ ಸ್ಟ್ರೆಚರು ಹೊರುತ್ತಿದ್ದವನಿಗೆ ಗೊಣಗಪ್ಪ ಎಂದು ಹೆಸರು. ಚಳಿಗೆ ಗೊಣಗುವನು, ಬೂಟಿಗೆ ಗೊಣಗುವನು, ಹೊತ್ತ ಗಾಯಾಳು ದಪ್ಪಗಿದ್ದರೆ ಅವನಿಗೇ ಕೇಳುವಂತೆ ಗೊಣಗುವನು. ಆದರೆ ಸ್ಟ್ರೆಚರು ಒಂದು ದಿನವೂ ಓರೆಯಾಗದಂತೆ ಹಿಡಿಯುವನು. ಒಂದು ಮಧ್ಯಾಹ್ನ ಹಳ್ಳದ ಹತ್ತಿರ ಸಿಡಿದ ಗುಂಡಿನ ಚೂರೊಂದು ಅವನ ಹೊಟ್ಟೆಗೆ ಹೊಕ್ಕಿತು. ದರ್ಜಿ ಅವನನ್ನು ಬೆನ್ನ ಮೇಲೆ ಹೊತ್ತು ತಂದ. ನೋವಿನ ಮದ್ದು ಆವತ್ತು ಬೆಳಿಗ್ಗೆಯೇ ಮುಗಿದಿತ್ತು, ಹೊಸದು ದಾರಿಯಲ್ಲಿತ್ತು. ಡಾಕ್ಟರು ಹೊಟ್ಟೆ ನೋಡಿ, ದರ್ಜಿಯ ಮುಖ ನೋಡಿ, ಪಕ್ಕದ ಮಂಚಕ್ಕೆ ಹೋದರು. ಗೊಣಗಪ್ಪ ಸಂಜೆಯ ತನಕ ಕೂಗಿದ. ಮೊದಲು ಅವ್ವನನ್ನು ಕೂಗಿದ, ಆಮೇಲೆ ಬಂದೂಕು ಕೊಡಿ ಎಂದು ಕೂಗಿದ, ಆಮೇಲೆ ಮಾತೇ ಇಲ್ಲದೆ ಕೂಗಿದ. ಅವನ ಪ್ರಾಣ ಹೋಗಿ ಸ್ವಲ್ಪ ಹೊತ್ತಿಗೆ ಹೊಸ ಪೆಟ್ಟಿಗೆ ಬಂತು.

ಪೆಟ್ಟಿಗೆ ಬಿಚ್ಚುವ ಕೆಲಸ ದರ್ಜಿಯದೇ. ಹುಲ್ಲಿನ ನಡುವೆ ಗಾಜಿನ ಕೊಳವೆಗಳು ಮಲಗಿದ್ದವು. ಗುಡ್ಡದ ದಾರಿಯ ಕುಲುಕಾಟಕ್ಕೆ ಕೆಲವು ಒಡೆದಿದ್ದವು. ಒಡೆದವುಗಳ ಲೆಕ್ಕ ಹೇಳುವಾಗ ಅವನು ಒಂದನ್ನು ಹೆಚ್ಚು ಹೇಳಿದ. ಕದಿಯುತ್ತಿದ್ದೇನೆ ಎಂದು ಆಗ ಅನ್ನಿಸಲೇ ಇಲ್ಲ. ಗೊಣಗಪ್ಪನ ಕೂಗು ಇನ್ನೂ ಕಿವಿಯಲ್ಲಿತ್ತು. ಸಾಯುವುದಕ್ಕೆ ಹೆದರುವುದಿಲ್ಲ, ಹಾಗೆ ಸಾಯಲಾರೆ ಎಂದಷ್ಟೇ ಮನಸ್ಸು ಹೇಳುತ್ತಿತ್ತು. ಮರುದಿನ ಬಿಸಿಲಿನಲ್ಲಿ ಶಾಲೆಯ ಮೆಟ್ಟಿಲ ಮೇಲೆ ಕೂತು, ಅಂಗಿಯ ಎಡಗಂಕುಳಿನ ಕೆಳಗೆ ಒಳಗಡೆಯಿಂದ ಒಂದು ಜೇಬು ಹೊಲಿದ. ನಡುವೆ ಹತ್ತಿ ಇಟ್ಟು ಎರಡು ಪದರ ಮಾಡಿದ, ಬಾಯಿಗೊಂದು ಪುಟ್ಟ ಕಾಜಾ, ಗುಂಡಿ. ಅಷ್ಟು ಅಚ್ಚುಕಟ್ಟಾದ ಹೊಲಿಗೆಯನ್ನು ಅಣ್ಣನ ಅಂಗಡಿಯಲ್ಲೂ ಹಾಕಿರಲಿಲ್ಲ. ಅದರೊಳಗೆ ಕೊಳವೆಯನ್ನು ಮಲಗಿಸಿದ. ಏನು ಹರಿದಿತ್ತೋ ದರ್ಜಿ ಎಂದು ಯಾರೋ ಕೇಳಿದ್ದಕ್ಕೆ ಕಂಕುಳು ಎಂದ.

ಆಮೇಲೆ ದಾರಿ ಕಡಿದುಹೋಯಿತು. ಶತ್ರುವಿನ ತೋಪುಗಳು ಸೇತುವೆಯನ್ನು ಒಡೆದವು. ಗಾಯಾಳುಗಳು ಬರುತ್ತಲೇ ಇದ್ದರು, ಪೆಟ್ಟಿಗೆಗಳು ಬರಲಿಲ್ಲ. ಬ್ಯಾಂಡೇಜು ಒಗೆದು ಒಣಗಿಸಿ ಮತ್ತೆ ಕಟ್ಟುವ ಕಾಲ ಬಂತು. ನೋವಿನ ಮದ್ದಿನ ಕೊನೆಯ ಕೊಳವೆಯನ್ನು ಡಾಕ್ಟರು ತಮ್ಮ ಕೈಯಾರೆ ಒಬ್ಬನಿಗೆ ಚುಚ್ಚಿ, ಖಾಲಿ ಡಬ್ಬಿಯನ್ನು ಕಿಟಕಿಯ ಮೇಲೆ ಬೋರಲು ಹಾಕಿದರು. ಅದಾದ ಮರುದಿನವೇ ಮೈ ಸುಟ್ಟ ಲಾರಿ ಚಾಲಕನೊಬ್ಬನನ್ನು ತಂದರು. ಅವನ ಕೈಯ ಚರ್ಮ ಕೈಗವಸಿನ ಹಾಗೆ ಕಳಚಿ ಬಂದಿತ್ತು. ಅವನಿಗೆ ಒದ್ದೆಬಟ್ಟೆ ಹಾಸುತ್ತಿದ್ದಾಗ ದರ್ಜಿಯ ಬಲಗೈ ತಾನಾಗಿ ಎಡಗಂಕುಳಿಗೆ ಹೋಯಿತು. ಮದ್ದು ತೆಗೆಯಲು ಹೋದದ್ದಲ್ಲ, ಇದೆಯೋ ಇಲ್ಲವೋ ನೋಡಲು ಹೋದದ್ದು. ಇತ್ತು. ಕೈ ಕೆಳಗಿಳಿಯಿತು. ಚಾಲಕ ಸತ್ತ.

ತನ್ನ ಕೈ ಕಂಕುಳಿಗೆ ಹೋದ ರೀತಿಯನ್ನು ದರ್ಜಿ ಮರೆಯಲಿಲ್ಲ. ಆದರೂ ಜೇಬಿನ ಗುಂಡಿ ಬಿಚ್ಚಲಿಲ್ಲ. ಒಬ್ಬನಿಗೆ ಕೊಟ್ಟರೆ ಇನ್ನೊಬ್ಬ ಕೇಳುತ್ತಾನೆ, ಎಲ್ಲಿಂದ ಬಂತು ಎಂಬ ಪ್ರಶ್ನೆ ಬರುತ್ತದೆ ಎಂದು ತನಗೆ ತಾನೇ ವಕೀಲನಾದ. ವಾದ ಗಟ್ಟಿಯಾಗಿಯೇ ಇತ್ತು. ಕಳ್ಳನ ವಕೀಲ ಯಾವಾಗಲೂ ಜಾಣ.

ಸೆರೆಯಾಳು ಬಂದದ್ದು ಇಂಥ ಹೊತ್ತಿನಲ್ಲಿ. ಹಳ್ಳದಾಚೆ ಮಗುಚಿದ ಶತ್ರುವಿನ ವಾಹನದ ಕೆಳಗೆ ಸಿಕ್ಕಿದ್ದ ಅವನನ್ನು ನಮ್ಮವರು ಎಳೆದು ತಂದಿದ್ದರು. ಮೂವತ್ತು ದಾಟಿದ ಗಂಡಸು, ಗಡ್ಡ ಬೆಳೆದಿತ್ತು. ಬಲಪಾದ ಜಜ್ಜಿ ಹೋಗಿತ್ತು. ಮೊಣಕಾಲ ಕೆಳಗೆ ರಕ್ತದಲ್ಲಿ ನೆಂದು ಕಪ್ಪಾದ ಬಟ್ಟೆಯೊಂದನ್ನು ಗಟ್ಟಿಯಾಗಿ ಕಟ್ಟಿಕೊಂಡಿದ್ದ. ಅದರಿಂದಲೇ ಅವನ ಜೀವ ಉಳಿದಿತ್ತು. ಗಡಿಯ ಎರಡೂ ಕಡೆಯವರು ಒಂದು ಕಾಲಕ್ಕೆ ಒಂದೇ ಸಂತೆಗೆ ಹೋಗುತ್ತಿದ್ದವರಾದ್ದರಿಂದ ಅವನಿಗೆ ಇವರ ಮಾತು ತಡವರಿಸುತ್ತ ಬರುತ್ತಿತ್ತು. ಆದರೆ ಆವತ್ತು ಅವನು ಯಾವ ಭಾಷೆಯಲ್ಲೂ ಮಾತಾಡಲಿಲ್ಲ, ಬರೀ ಕೂಗಿದ. ಮಲಗಿದ್ದ ನಮ್ಮ ಗಾಯಾಳುಗಳು ಅವನ ಬಾಯಿ ಮುಚ್ಚಿಸಿ ಎಂದು ಬೈಯತೊಡಗಿದರು.

ಡಾಕ್ಟರು ದರ್ಜಿಯನ್ನು ಬಾಗಿಲ ಹೊರಗೆ ಕರೆದರು. ಅವರ ಕಣ್ಣುಗಳು ನಿದ್ದೆಯಿಲ್ಲದೆ ಕೆಂಪಾಗಿದ್ದವು. "ಶುದ್ಧ ನೀರು ಚುಚ್ಚು. ನೋವಿನ ಮದ್ದು ಅಂತ ಹೇಳು. ನಂಬಿಕೆ ಇದ್ದರೆ ಕೆಲವರಿಗೆ ಅದೇ ಸಾಕಾಗುತ್ತೆ" ಎಂದರು. ಹೇಳಿದ ಮೇಲೆ ಅವನ ಮುಖ ನೋಡಲಾರದೆ ಕನ್ನಡಕ ಒರೆಸುತ್ತ ಒಳಗೆ ಹೋದರು.

ದರ್ಜಿ ಸೂಜಿ ಕುದಿಸಿದ, ನೀರು ತುಂಬಿದ, ಸ್ಪಿರಿಟ್ ಹತ್ತಿಯಿಂದ ತೋಳು ಒರೆಸಿದ. ಎಲ್ಲವನ್ನೂ ನಿಜವಾದ ಮದ್ದು ಕೊಡುವಾಗಿನಷ್ಟೇ ಶ್ರದ್ಧೆಯಿಂದ ಮಾಡಿದ. ಇನ್ನು ಸ್ವಲ್ಪ ಹೊತ್ತಿಗೆ ನೋವು ಕಮ್ಮಿಯಾಗುತ್ತೆ ಎಂದು ನಿಧಾನವಾಗಿ ಬಿಡಿಸಿ ಹೇಳಿದ. ಸೆರೆಯಾಳು ಸೂಜಿಯ ಕಡೆ ಒಮ್ಮೆ, ಅವನ ಮುಖದ ಕಡೆ ಒಮ್ಮೆ ನೋಡಿದ. ನೋಡನೋಡುತ್ತಿದ್ದಂತೆ ಕೂಗು ನಿಂತಿತು. ಅವನು ದರ್ಜಿಯ ಕೈ ಹಿಡಿದು ಅದುಮಿದ, ತನ್ನ ಭಾಷೆಯಲ್ಲಿ ಏನೋ ಅಂದ. ಧನ್ಯವಾದ ಎಂಬುದು ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ. ದರ್ಜಿಗೆ ಬಾಯಿ ಒಣಗಿತು.

ಮರುದಿನವೂ ಹಾಗೆಯೇ. ಬೆಳಿಗ್ಗೆ ಒಮ್ಮೆ ನೀರು, ಮಧ್ಯಾಹ್ನ ಒಮ್ಮೆ ನೀರು. ಸೆರೆಯಾಳು ಹಲ್ಲು ಕಚ್ಚಿಕೊಂಡು ಸುಮ್ಮನೆ ಮಲಗುತ್ತಿದ್ದ. ಹಣೆಯ ಮೇಲೆ ಮಾತ್ರ ಆ ಚಳಿಯಲ್ಲೂ ಬೆವರು. ಬೇರೆಯವರು ಬಂದರೆ ಕೈ ಕೊಡುತ್ತಿರಲಿಲ್ಲ, ದರ್ಜಿಯೇ ಬೇಕು ಎನ್ನುತ್ತಿದ್ದ. ಅವನನ್ನು "ತಮ್ಮಾ" ಎಂದು ಕರೆಯತೊಡಗಿದ. ನಮ್ಮ ಸಿಪಾಯಿಗಳಿಗೆ ಇದೊಂದು ತಮಾಷೆಯಾಯಿತು. ದರ್ಜಿಯ ಕೈಗುಣ ನೋಡಿ, ಶತ್ರುವಿಗೂ ಹತ್ತಿದೆ ಎಂದು ನಕ್ಕರು. ನೀರಿನ ಗುಟ್ಟು ಅವರಿಗೂ ಗೊತ್ತಿರಲಿಲ್ಲ. ದರ್ಜಿ ನಗಲು ನೋಡಿದ, ಆಗಲಿಲ್ಲ.

ಮೂರನೆಯ ದಿನ ಅವನು ಅಂಗಳದಲ್ಲಿ ಬ್ಯಾಂಡೇಜು ಒಗೆಯುತ್ತಿದ್ದ. ಸೆರೆಯಾಳು ಕಾಲಿಗೆ ಕಟ್ಟಿಕೊಂಡಿದ್ದ ಬಟ್ಟೆಯೂ ಆ ರಾಶಿಯಲ್ಲಿತ್ತು. ತಣ್ಣೀರಿನಲ್ಲಿ ಮತ್ತೆ ಮತ್ತೆ ಹಿಂಡಿದಾಗ ಕಪ್ಪು ಬಿಟ್ಟು ಬಟ್ಟೆ ಬೆಳ್ಳಗಾಗುತ್ತ ಬಂತು. ಬೆಳ್ಳಗಾಗದೆ ನಡುವೆ ಉಳಿದದ್ದು ಒಂದು ಕೆಂಪು ಶಿಲುಬೆಯ ಗುರುತು. ದರ್ಜಿಯ ತೋಳಿನ ಮೇಲೆ ಇದ್ದ ಪಟ್ಟಿಯೂ ಅದೇ. ಹೊಲಿಗೆ ಮಾತ್ರ ಬೇರೆ.

ಅವನು ಒದ್ದೆ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋಗಿ ಸೆರೆಯಾಳಿನ ಬೆಂಚಿನ ಪಕ್ಕ ಕೂತ.

"ನೀನೂ ನಮ್ಮ ಕೆಲಸದವನಾ?"

"ಹೌದು ತಮ್ಮಾ. ಹತ್ತು ವರ್ಷದಿಂದ ಸೂಜಿ ಚುಚ್ಚೋನು."

"ಹಾಗಾದ್ರೆ..."

ಸೆರೆಯಾಳು ತುಟಿಯಲ್ಲೇ ನಕ್ಕ. "ನೀರು ಅಂತ ಗೊತ್ತು. ನಿಜವಾದ ಮದ್ದಾದ್ರೆ ಮೊದಲು ಬಾಯಿ ಒಣಗುತ್ತೆ. ನನ್ನ ಬಾಯಿ ಒಣಗಲಿಲ್ಲ. ನಿನ್ನ ಬಾಯಿ ಒಣಗಿತ್ತು."

ಆಮೇಲೆ ಅವನು ನಿಂತು ನಿಂತು, ಪದ ಹುಡುಕಿ ಹುಡುಕಿ ಹೇಳಿದ. ಅವರ ಕಡೆಯೂ ಮದ್ದು ಮುಗಿದಿತ್ತಂತೆ. ಅವನೂ ತನ್ನವರಿಗೆ ನೀರೇ ಚುಚ್ಚಿದ್ದನಂತೆ, ಇದು ಒಳ್ಳೇ ಮದ್ದು ಎಂದು ಸುಳ್ಳು ಹೇಳಿದ್ದನಂತೆ. ಹಾಗೆ ಹೇಳುವವನಿಗೆ ಎಷ್ಟು ಕಷ್ಟ ಎಂದು ತನಗೆ ಗೊತ್ತು, ಅದಕ್ಕೇ ಮೊದಲ ದಿನ ಕೂಗು ನಿಲ್ಲಿಸಿದೆ ಎಂದ. ಇಲ್ಲದ್ದನ್ನು ಎಲ್ಲಿಂದ ತಂದು ಕೊಡೋಕಾಗುತ್ತೆ, ಮನಸ್ಸಿಗೆ ಹಚ್ಚಿಕೋಬೇಡ ಎಂದು ದರ್ಜಿಯ ಬೆನ್ನು ತಟ್ಟಿದ. ತಟ್ಟಿದ ಕೈ ಎಡಗಡೆಗೆ ಇನ್ನೊಂದು ಗೇಣು ಸರಿದಿದ್ದರೆ ಜೇಬಿಗೇ ತಾಕುತ್ತಿತ್ತು.

ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಹಾಗೆ ಅನ್ನಿಸಿತು ದರ್ಜಿಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಮುಖಕ್ಕೆ ಉಗಿದಿದ್ದರೂ ಒರೆಸಿಕೊಳ್ಳುತ್ತಿದ್ದ. ಇವನು ಕ್ಷಮಿಸಿಬಿಟ್ಟಿದ್ದ, ಅದೂ ದರ್ಜಿ ಮಾಡದ ತಪ್ಪಿಗೆ. ಮಾಡಿದ್ದು ಅಂಗಿಯೊಳಗೆ ಹತ್ತಿ ಹೊದ್ದು ಬೆಚ್ಚಗೆ ಮಲಗಿತ್ತು. ಸೆರೆಯಾಳು ಅಷ್ಟಕ್ಕೇ ನಿಲ್ಲಿಸಲೂ ಇಲ್ಲ. ಸುಮ್ಮನೆ ಮಲಗಿರೋದಕ್ಕಿಂತ ಕೆಲಸ ಕೊಡು ಎಂದು ಒಗೆದ ಬ್ಯಾಂಡೇಜುಗಳನ್ನು ಕೇಳಿ ಪಡೆದು, ಮಲಗಿದಲ್ಲೇ ಎದೆಯ ಮೇಲೆ ಇಟ್ಟುಕೊಂಡು ಸುತ್ತತೊಡಗಿದ. ಅವನು ಸುತ್ತಿದ ಸುರುಳಿಗಳು ಅಂಚಿಗೆ ಅಂಚು ಕೂಡಿ ಬಿಗಿಯಾಗಿದ್ದವು. ಮೊದಲು ಅವನನ್ನು ಬೈದಿದ್ದ ಸಿಪಾಯಿಯ ತೊಡೆಗೆ ಸಂಜೆ ಕಟ್ಟಿದ್ದು ಅವುಗಳಲ್ಲೇ ಒಂದನ್ನು.

ಅಷ್ಟರಲ್ಲಿ ಸೆರೆಯಾಳಿನ ಪಾದದ ಬಣ್ಣ ಕೆಟ್ಟಿತ್ತು, ವಾಸನೆ ಬರತೊಡಗಿತ್ತು. ನಾಳೆ ಬೆಳಿಗ್ಗೆ ಕಣಕಾಲಿನ ಮೇಲಕ್ಕೆ ಕತ್ತರಿಸಲೇಬೇಕು ಎಂದರು ಡಾಕ್ಟರು. ಮೂಗಿಗೆ ಹಿಡಿದು ಮಂಪರು ಬರಿಸುವ ಮದ್ದು ಬಾಟಲಿಯ ತಳದಲ್ಲಿ ಅಷ್ಟಿಷ್ಟು ಇತ್ತು. ಅರ್ಧ ಕೆಲಸಕ್ಕೆ ಸಾಕಾಗಬಹುದು, ಉಳಿದರ್ಧಕ್ಕೆ ನಾಲ್ಕು ಜನ ಗಟ್ಟಿಯಾಗಿ ಹಿಡಿಯಬೇಕು ಎಂದು ಯಾರು ಯಾವ ಕಡೆ ಹಿಡಿಯಬೇಕೆಂದೂ ಹೇಳಿದರು. ದರ್ಜಿಗೆ ಬಂದದ್ದು ಎಡಭುಜ.

ಬೆಳಕು ಹರಿಯುತ್ತಿದ್ದಂತೆ ದರ್ಜಿ ಜೇಬಿನ ಗುಂಡಿ ಬಿಚ್ಚಿದ. ಬೆಳಗಿನ ತನಕ ಅವನು ಅದನ್ನು ಕೊಡುವುದೆಂದೂ ಕೊಡಬಾರದೆಂದೂ ಮನಸ್ಸು ಮಾಡಿ ಮಾಡಿ ಸೋತಿದ್ದ. ಕೊನೆಗೆ ಅವನನ್ನು ಎಬ್ಬಿಸಿದ್ದು ಕರುಣೆ ಎನ್ನುವ ಹಾಗಿಲ್ಲ. ಆ ಭುಜವನ್ನು ತಾನು ಹಿಡಿಯಬೇಕಲ್ಲ ಎಂಬ ಹೆದರಿಕೆ ಎಂದರೆ ಹೆಚ್ಚು ನಿಜ. ಡಾಕ್ಟರ ಹತ್ತಿರ ಹೋಗಿ, ಹಳೆಯ ಪೆಟ್ಟಿಗೆಗಳನ್ನೆಲ್ಲ ತಡಕಾಡಿದೆ ಸಾರ್, ಹುಲ್ಲಿನ ಅಡಿಯಲ್ಲಿ ಇದೊಂದು ಸಿಕ್ಕಿತು ಎಂದ. ಡಾಕ್ಟರ ಮುಖ ಅರಳಿತು. ಒಳ್ಳೇ ಕೆಲಸ ಮಾಡಿದೆ, ಹೋಗು, ಹೋಗಿ ಅವನಿಗೇ ಹಾಕು ಎಂದರು.

ಸೆರೆಯಾಳು ಎಚ್ಚರವಾಗಿದ್ದ. ದರ್ಜಿ ಅವನಿಗೂ ಅದೇ ಕತೆ ಹೇಳಿದ. ಹಳೆಯ ಪೆಟ್ಟಿಗೆ, ಹುಲ್ಲು, ಅದೃಷ್ಟ. ಸೆರೆಯಾಳಿನ ಕಣ್ಣಲ್ಲಿ ನೀರು ತುಂಬಿತು. ನಿಜವಾಗಲೂ ಸಿಕ್ಕಿತಾ ತಮ್ಮಾ ಎಂದು ಕೈ ಚಾಚಿದ. ಅವರ ಸೇನೆಯಲ್ಲೂ ಅದೇ ಪಾಠ ಇದ್ದಿರಬೇಕು. ಒಬ್ಬ ಓದಿದ ಚೀಟಿಯನ್ನು ಇನ್ನೊಬ್ಬ ಓದಬೇಕು. ದರ್ಜಿ ಅಭ್ಯಾಸಬಲದಿಂದ ಕೊಳವೆಯನ್ನು ಅವನ ಅಂಗೈಯಲ್ಲಿಟ್ಟ.

ಆ ಶಾಲೆಯಲ್ಲಿ ಆವತ್ತು ಬಕೆಟಿನ ನೀರಿನ ಮೇಲೆ ಮಂಜಿನ ಪದರ ಕಟ್ಟಿತ್ತು. ಕತ್ತರಿ ಮುಟ್ಟಿದರೆ ಬೆರಳು ಅಂಟುತ್ತಿತ್ತು. ಸೆರೆಯಾಳಿನ ಅಂಗೈಯಲ್ಲಿದ್ದ ಗಾಜು ಮೈಯಷ್ಟೇ ಬೆಚ್ಚಗಿತ್ತು. ಚೀಟಿಯ ಅಕ್ಷರಗಳು ಉಜ್ಜಿ ಉಜ್ಜಿ ಅರ್ಧ ಮಾಸಿದ್ದವು. ಕೊಳವೆಯ ಕತ್ತಿಗೆ ಹತ್ತಿಯ ಎಳೆಯೊಂದು ಸುತ್ತಿಕೊಂಡಿತ್ತು.

ಅವನು ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದ. ಬೆರಳುಗಳು ಅದರ ಸುತ್ತ ಮಡಿಚಿಕೊಂಡವು. ಆಮೇಲೆ ಹತ್ತಿಯ ಎಳೆಯನ್ನು ಬಿಡಿಸಿ ಕೆಳಗೆ ಹಾಕಿ, ಕೊಳವೆಯನ್ನು ವಾಪಸು ಕೊಟ್ಟ.

"ಹಾಕು" ಎಂದ. ತಮ್ಮಾ ಎನ್ನಲಿಲ್ಲ.

ದರ್ಜಿ ಹಾಕಿದ. ಆಪರೇಷನ್ ನಡೆಯಿತು. ಎಡಭುಜವನ್ನು ಗಟ್ಟಿಯಾಗಿ ಹಿಡಿಯುವ ಪ್ರಸಂಗವೇ ಬರಲಿಲ್ಲ. ಮದ್ದು ತನ್ನ ಕೆಲಸ ಮಾಡಿತ್ತು. ಸೆರೆಯಾಳು ನಿದ್ದೆಯಲ್ಲಿ ಒಮ್ಮೆ ನರಳಿದ, ಅಷ್ಟೇ. ಡಾಕ್ಟರು ಕೈ ತೊಳೆಯುತ್ತ, ಇವತ್ತು ಈ ಕೆಲಸ ಮನುಷ್ಯರು ಮಾಡಿದ ಹಾಗೆ ಆಯ್ತು ಎಂದರು.

ಎಚ್ಚರವಾದ ಮೇಲೆ ಸೆರೆಯಾಳು ನೀರು ಕೇಳಿದ್ದು ಪಕ್ಕದ ಸಿಪಾಯಿಯನ್ನು. ಡ್ರೆಸ್ಸಿಂಗಿಗೆ ದರ್ಜಿ ಹೋದರೆ ಕಾಲು ಕೊಡುತ್ತಿದ್ದ, ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದ. ಬೈಗುಳವಿಲ್ಲ, ಯಾರ ಮುಂದೆಯೂ ದೂರಲಿಲ್ಲ. ಬ್ಯಾಂಡೇಜು ಸುತ್ತುವುದನ್ನು ಮಾತ್ರ ಬಿಡಲಿಲ್ಲ. ಸುತ್ತಿದ ಸುರುಳಿಗಳನ್ನು ಬೆಂಚಿನ ಆ ಬದಿಗೆ, ದರ್ಜಿಯ ಕೈಗೆ ನೇರ ಸಿಕ್ಕದ ಕಡೆ, ಜೋಡಿಸಿಡುತ್ತಿದ್ದ. ದರ್ಜಿ ಬೆಂಚು ಸುತ್ತಿ ಬಂದು ತೆಗೆದುಕೊಳ್ಳಬೇಕಾಗುತ್ತಿತ್ತು.

ಸೇತುವೆ ದುರಸ್ತಿಯಾಗಿ ಲಾರಿಗಳು ಬಂದವು. ಸೆರೆಯಾಳುಗಳನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಬೇಕೆಂದು ಆಜ್ಞೆಯಾಯಿತು. ದರ್ಜಿ ಸ್ಟ್ರೆಚರಿನ ತಲೆಯ ಕಡೆ ಹಿಡಿದಿದ್ದ. ಲಾರಿಯ ಹಿಂಬಾಗಿಲು ತೆರೆಯುವ ತನಕ ನೆಲದ ಮೇಲೆ ಇಳಿಸಿ ಕಾಯಬೇಕಾಯಿತು. ಇನ್ನೊಬ್ಬ ಹೊರೆಯಾಳು ಬಾಗಿಲಿನ ಚಿಲಕ ಬಿಡಿಸಲು ಹೋದ. ಆಗ ಸೆರೆಯಾಳು ಆಕಾಶ ನೋಡುತ್ತಲೇ ಕೇಳಿದ.

"ಮೊದಲ ದಿನವೂ ಇತ್ತಾ?"

ಏನು ಎಂದು ಕೇಳುವ ಅಗತ್ಯವಿರಲಿಲ್ಲ. ದರ್ಜಿಯ ಬಾಯಿಗೆ ಹೌದು ಎಂಬ ಮಾತು ಬಂದಿತ್ತು. ನಾಲಿಗೆಯ ಮೇಲೆ ಕೂತಿತ್ತು. ಆದರೆ ಹೊರಗೆ ಬಂದದ್ದು ಬೇರೆ.

"ಇಲ್ಲ. ಆಮೇಲೆ ಸಿಕ್ಕಿದ್ದು."

ಸೆರೆಯಾಳು ಕಣ್ಣು ಮುಚ್ಚಿದ. "ಸರಿ" ಎಂದ. ಲಾರಿ ಹೊರಟಿತು.

ಯುದ್ಧ ಮುಗಿಯಿತು. ದರ್ಜಿಗೆ ಒಂದು ಗೀರು ಗಾಯವೂ ಆಗಲಿಲ್ಲ. ಯಾವುದಕ್ಕಾಗಿ ಆ ಕೊಳವೆಯನ್ನು ಬಚ್ಚಿಟ್ಟಿದ್ದನೋ ಆ ದಿನ ಬರಲೇ ಇಲ್ಲ. ಬಂದದ್ದು ಪದಕ. ತುಕಡಿಯನ್ನು ಸಾಲಾಗಿ ನಿಲ್ಲಿಸಿ ಡಾಕ್ಟರು ಅವನ ಬಗ್ಗೆ ನಾಲ್ಕು ಮಾತಾಡಿದರು. ಎಲ್ಲ ಮುಗಿಯಿತು ಎಂದು ಎಲ್ಲರೂ ಕೈಚೆಲ್ಲಿದಾಗ ಇವನೊಬ್ಬ ಹಳೆಯ ಪೆಟ್ಟಿಗೆಗಳನ್ನು ಕೆದಕಿ ಮದ್ದು ಹುಡುಕಿ ತಂದ, ಅದೂ ಒಬ್ಬ ಶತ್ರುವಿಗಾಗಿ, ಇದಲ್ಲವೇ ನಮ್ಮ ಕೆಲಸ ಎಂದರು. ಚಪ್ಪಾಳೆಯಾಯಿತು. ಪದಕವನ್ನು ಚುಚ್ಚಿದ್ದು ಎಡ ಎದೆಗೆ.

ಊರಿನಲ್ಲಿ ಅತ್ತಿಗೆ ಅದನ್ನು ಗಾಜಿನ ಚೌಕಟ್ಟಿಗೆ ಹಾಕಿಸಿ ಅಂಗಡಿಯ ಇಸ್ತ್ರಿ ಮೇಜಿನ ಮೇಲ್ಗಡೆ ತೂಗುಹಾಕಿದಳು. ಪ್ಯಾಂಟಿನ ಉದ್ದ ಕಮ್ಮಿ ಮಾಡಿಸಲು ಬಂದವರೂ ಕತೆ ಕೇಳಿಯೇ ಹೋಗಬೇಕಾಯಿತು. ಅಣ್ಣ ಕತೆ ಹೇಳುವಾಗ ತಮ್ಮ ಎದ್ದು ಕೆಂಡ ತರಲು ಹಿತ್ತಲಿಗೆ ಹೋಗುತ್ತಿದ್ದ. ಎಷ್ಟು ವಿನಯ ನೋಡಿ ಎನ್ನುತ್ತಿದ್ದರು ಗಿರಾಕಿಗಳು. ಒಂದು ತಿಂಗಳಲ್ಲಿ ಅವನು ಅಂಗಡಿ ಬಿಟ್ಟು ಪಕ್ಕದ ಪಟ್ಟಣದ ಆಸ್ಪತ್ರೆಯಲ್ಲಿ ಗಾಯ ಕಟ್ಟುವ ಕೆಲಸಕ್ಕೆ ಸೇರಿದ. ಅಣ್ಣನಿಗೆ ಬೇಸರವಾಯಿತು. ಅತ್ತಿಗೆಗೆ ಮಾತ್ರ, ಪುಣ್ಯದ ಕೆಲಸ ಕೈ ಹಿಡಿದವನನ್ನು ಬಿಡೋದಿಲ್ಲ ಎಂಬ ಹೆಮ್ಮೆ.

ಆಸ್ಪತ್ರೆಯಲ್ಲಿ ಅವನಿಗೆ ಹೊಸ ಹೆಸರು ಬಿತ್ತು. ಸೂಜಿ ಚುಚ್ಚುವಾಗ ಬೇರೆಯವರೆಲ್ಲ ಏನೂ ಆಗೋದಿಲ್ಲ, ಇರುವೆ ಕಚ್ಚಿದ ಹಾಗೆ ಎನ್ನುವುದು ರೂಢಿ. ಇವನು ಮೊದಲೇ "ನೋವಾಗುತ್ತೆ" ಎನ್ನುವನು. ಮಕ್ಕಳಿಗೂ ಹಾಗೇ, ಮುದುಕರಿಗೂ ಹಾಗೇ. ಇದು ನೋವಿನ ಮದ್ದಲ್ಲ, ಬರೀ ಜ್ವರದ್ದು ಎಂದು ಚೀಟಿಯನ್ನು ರೋಗಿಯ ಕಣ್ಣ ಮುಂದೆ ಹಿಡಿದು ತೋರಿಸುವನು. ಓದು ಬಾರದವರಿಗೆ ಪಕ್ಕದವರನ್ನು ಕರೆದು ಓದಿಸುವನು. ಜನ ಅವನನ್ನು ನೋವಾಗುತ್ತಪ್ಪ ಎಂದು ಕರೆದರು. ಆ ಕೋಣೆಗೆ ಹೋಗಬೇಡಿ, ಅಲ್ಲಿ ನೋವಾಗುತ್ತಪ್ಪ ಇದ್ದಾನೆ ಎಂದು ತಾಯಂದಿರು ಮಕ್ಕಳನ್ನು ಹೆದರಿಸಿದ್ದೂ ಉಂಟು. ದೊಡ್ಡ ಡಾಕ್ಟರು ಕರೆದು, ಸ್ವಲ್ಪ ಧೈರ್ಯ ಹೇಳೋದು ಕಲಿ ಎಂದು ಗದರಿದರು. ಆಯ್ತು ಸಾರ್ ಎಂದ, ಕಲಿಯಲಿಲ್ಲ. ಯಾರಾದರೂ ಅವನ ಕೈ ಹಿಡಿದು ನಿಮ್ಮ ಕೈಗುಣ ಚೆನ್ನಾಗಿದೆ ಎಂದರೆ ಕುಂಬಳಕಾಯಿ ಕಳ್ಳನ ಹಾಗೆ ಥಟ್ಟನೆ ಕೈ ಬಿಡಿಸಿಕೊಳ್ಳುತ್ತಿದ್ದ.

ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಹೊದಿಕೆ ಮಡಿಚುತ್ತಿದ್ದವಳನ್ನು ಅವನು ಮದುವೆಯಾದ. ಬಾಯಿಬಡುಕಿ, ನಗುಮುಖದವಳು. ಇವನ ಮೌನಕ್ಕೆ ಅವಳು ಬೇಗ ಒಗ್ಗಿಕೊಂಡಳು. ಇಬ್ಬರ ಮಾತನ್ನೂ ನಾನೇ ಆಡಿದರೆ ಆಯ್ತು ಎನ್ನುತ್ತಿದ್ದಳು. ಯುದ್ಧದ ವಿಷಯ ಮಾತ್ರ ಅವಳು ಕೆದಕಲಿಲ್ಲ. ಪದಕದ ಮಾತು ಬಂದಾಗ ಗಂಡನ ಕಿವಿ ಕೆಂಪಾಗುವುದನ್ನು ನೋಡಿ, ಅದು ಅಂಗಡಿಯಲ್ಲೇ ಇರಲಿ, ನಮ್ಮ ಮನೆ ಗೋಡೆ ಮೊಳೆ ಹಿಡಿಯೋದಿಲ್ಲ ಎಂದು ಅತ್ತಿಗೆಗೆ ಹೇಳಿ ಮುಗಿಸಿದಳು.

ಅವನ ಕೂದಲು ನರೆತ ಮೇಲೆ ಒಂದು ವರ್ಷ ಎರಡೂ ಸರ್ಕಾರಗಳ ನಡುವೆ ಸ್ನೇಹದ ಗಾಳಿ ಬೀಸಿತು. ಗಡಿಯ ಪಟ್ಟಣದಲ್ಲಿ ಎರಡೂ ಕಡೆಯ ಹಳೆಯ ವೈದ್ಯಕೀಯ ಸಿಪಾಯಿಗಳ ಒಂದು ಕೂಟ ಏರ್ಪಾಡಾಯಿತು. ಆಸ್ಪತ್ರೆಗೂ ಕರೆ ಬಂತು. ದರ್ಜಿ ಹೋಗುತ್ತೇನೆ ಎಂದಾಗ ಹೆಂಡತಿಗೆ ಆಶ್ಚರ್ಯ. ಮದುವೆಗಳಿಗೇ ಹೋಗದ ಮನುಷ್ಯ. ಅವಳು ಬಿಳಿ ಅಂಗಿಯೊಂದನ್ನು ತಾನೇ ಇಸ್ತ್ರಿ ಮಾಡಿ, ಅಂಗಡಿಯಲ್ಲಿ ಹೊಸದಾಗಿ ಕೊಂಡ ಹಾಗೆ ಮಡಿಚಿ ಚೀಲದಲ್ಲಿಟ್ಟಳು. ಅಲ್ಲಿ ಹೋಗಿ ಹಾಕಿಕೊಳ್ಳಿ, ಬಸ್ಸಿನಲ್ಲಿ ಹಾಕಿದರೆ ಸುಕ್ಕಾಗುತ್ತೆ ಎಂದಳು.

ಬಸ್ಸಿನಲ್ಲಿ ಅವನು ದಾರಿಯುದ್ದಕ್ಕೂ ಒಂದೇ ಮಾತನ್ನು ಅಭ್ಯಾಸ ಮಾಡಿದ. ಇತ್ತು. ಮೊದಲ ದಿನವೂ ಇತ್ತು. ಅದಕ್ಕಿಂತ ಹೆಚ್ಚು ಹೇಳುವುದೇನೂ ಇರಲಿಲ್ಲ. ಆ ಸೆರೆಯಾಳು ಬದುಕಿದ್ದಾನೋ ಇಲ್ಲವೋ, ಬರುತ್ತಾನೋ ಇಲ್ಲವೋ ಯಾವುದೂ ಗೊತ್ತಿಲ್ಲ. ಬಂದರೆ ಹೇಳಬೇಕು.

ಕೂಟದ ಸಭಾಂಗಣದ ಎದುರು ಒಂದು ಚಹದಂಗಡಿ ಇತ್ತು. ಅಂಗಿ ಬದಲಿಸುವ ಮೊದಲು ಒಂದು ಲೋಟ ಚಹ ಕುಡಿಯೋಣ ಎಂದು ಕೂತ. ಅಲ್ಲಿಂದ ಬಾಗಿಲು ಚೆನ್ನಾಗಿ ಕಾಣುತ್ತಿತ್ತು. ಬಸ್ಸುಗಳಿಂದ ಮುದುಕರು ಇಳಿಯುತ್ತಿದ್ದರು. ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿದ್ದರು, ಭಾಷೆ ಬಾರದೆ ಸುಮ್ಮನೆ ತಲೆ ಅಲ್ಲಾಡಿಸುತ್ತಿದ್ದರು. ಊರುಗೋಲಿನವರು ಹಲವರು. ಗಡಿಯಾಚೆಯಿಂದ ಬಂದ ಬಸ್ಸಿನಿಂದ ಒಬ್ಬ ಎತ್ತರದ ಮುದುಕ ಇಳಿದ. ಬಲಗಾಲನ್ನು ಮೊದಲು ನೆಲಕ್ಕೆ ಊರಿ, ಅದು ಗಟ್ಟಿಯಾಗಿ ನಿಂತಿತೇ ಎಂದು ನೋಡಿ, ಆಮೇಲೆ ಎಡಗಾಲು ಇಳಿಸಿದ. ಬೆನ್ನು ಮಾತ್ರ ಕಾಣುತ್ತಿತ್ತು. ಅವನೇ ಇರಬಹುದು, ಇಲ್ಲದೆಯೂ ಇರಬಹುದು. ಪಾದ ಕಳೆದುಕೊಂಡವರು ಆ ಯುದ್ಧದಲ್ಲಿ ಒಬ್ಬಿಬ್ಬರಲ್ಲ. ರಸ್ತೆ ದಾಟಿ ಮುಂದಕ್ಕೆ ಬಂದು ಮುಖ ನೋಡಿದ್ದರೆ ತಿಳಿಯುತ್ತಿತ್ತು.

ದರ್ಜಿ ಇನ್ನೊಂದು ಚಹ ಹೇಳಿದ. ಒಳಗಿನಿಂದ ಚಪ್ಪಾಳೆ ಕೇಳಿಸಿತು. ಚಪ್ಪಾಳೆ ಕೇಳಿದ್ದೇ ತಡ, ಅವನ ಮೈಯೆಲ್ಲ ಬಿಸಿಯಾಯಿತು. ಒಳಗೆ ಹೋದರೆ ಯಾರಾದರೂ ತನ್ನ ಪದಕದ ಕತೆ ಹೇಳಿಯೇ ಹೇಳುತ್ತಾರೆ. ಆ ಮುದುಕ ಅದನ್ನು ಕೂತು ಕೇಳಬೇಕಾಗುತ್ತದೆ. ಹೀಗೆ ಹೊಸದೊಂದು ವಾದ ಸಿಕ್ಕಿತು. ಅವನೊಳಗಿನ ವಕೀಲನಿಗೆ ಇನ್ನೂ ವಯಸ್ಸಾಗಿರಲಿಲ್ಲ. ಲೋಟ ಇಟ್ಟು, ಚೀಲ ಎತ್ತಿಕೊಂಡು, ಬಸ್ ನಿಲ್ದಾಣದ ಕಡೆ ನಡೆದ.

ಮನೆಗೆ ಬಂದಾಗ ಹೆಂಡತಿ ಕೂಟ ಹೇಗಾಯಿತು ಎಂದು ಕೇಳಿದಳು. ಚೆನ್ನಾಗಿತ್ತು, ತುಂಬಾ ಜನ ಎಂದ. ಅವಳು ಚೀಲ ಬಿಚ್ಚಿದಳು. ಬಿಳಿ ಅಂಗಿ ಅವಳು ಇಟ್ಟ ಹಾಗೆಯೇ ಇತ್ತು. ಜೀವಮಾನವೆಲ್ಲ ಬಟ್ಟೆ ಮಡಿಚಿದವಳಿಗೆ ತನ್ನ ಮಡಿಕೆ ಗೊತ್ತಾಗದೇ ಇರುತ್ತದೆಯೇ.

"ರೀ, ಒಳಗೆ ಹೋಗಲೇ ಇಲ್ವಾ?"

ದರ್ಜಿ ಮಂಚದ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ. "ಇಲ್ಲ" ಎಂದ.

"ಯಾರನ್ನಾದರೂ ನೋಡಬೇಕಿತ್ತಾ?"

"ಒಬ್ಬನಿಗೆ ಒಂದು ಮಾತು ಹೇಳೋದಿತ್ತು."

ಅವಳು ಏನು ಮಾತು ಎಂದು ಕೇಳಲಿಲ್ಲ. ಅಂಗಿಯನ್ನು ಕಪಾಟಿನಲ್ಲಿಟ್ಟು ಬಂದು ಎದುರು ಕೂತಳು. "ಮುಂದಿನ ವರ್ಷ ಕರೆದರೆ ನಾನೂ ಬರ್ತೀನಿ. ಬಾಗಿಲ ತನಕ ಬಿಡ್ತೀನಿ. ಒಳಗೆ ನೀವೇ ಹೋಗಬೇಕು" ಎಂದಳು. ಅವನು ತಲೆಯಾಡಿಸಿದ. ಆವತ್ತು ಅವಳು ಮಾತು ಕಮ್ಮಿ ಆಡಿದಳು, ಅವನ ಪಕ್ಕದಲ್ಲಿ ಹೆಚ್ಚು ಹೊತ್ತು ಇದ್ದಳು.

ಮುಂದಿನ ವರ್ಷ ಸರ್ಕಾರಗಳ ನಡುವೆ ಮತ್ತೆ ಮಾತು ಕೆಟ್ಟಿತು. ಗಡಿಯ ರಸ್ತೆಗೆ ಅಡ್ಡಗಂಬ ಬಿತ್ತು, ಕೂಟದ ಸುದ್ದಿ ಇಲ್ಲ. ದರ್ಜಿ ಪ್ರತಿ ಚಳಿಗಾಲ ಆಸ್ಪತ್ರೆಯ ಕಚೇರಿಗೆ ಹೋಗಿ ಕರೆ ಏನಾದರೂ ಬಂದಿದೆಯೇ ಎಂದು ವಿಚಾರಿಸುತ್ತಿದ್ದ. ನಿವೃತ್ತನಾದ ಮೇಲೂ ಹೋದ. ಗುಮಾಸ್ತನಿಗೆ ಅವನನ್ನು ಕಂಡರೆ ಅಕ್ಕರೆ. ಬಂದರೆ ನಾನೇ ಮನೆಗೆ ಬಂದು ಹೇಳ್ತೀನಿ, ಈ ಚಳಿಯಲ್ಲಿ ನೀವು ಯಾಕೆ ಬರ್ತೀರಿ, ಯುದ್ಧದ ದಿನಗಳು ಅಷ್ಟು ನೆನಪಾಗ್ತವಾ ಎಂದು ಒಮ್ಮೆ ಕೇಳಿದ. ಹೌದಪ್ಪ ಎಂದು ದರ್ಜಿ ಕೈಚೀಲ ಎತ್ತಿಕೊಂಡ. ಹೊರಗೆ ಹೆಂಡತಿ ಮೆಟ್ಟಿಲ ಬಳಿ ಕಾಯುತ್ತಿದ್ದಳು. ಇಲ್ಲವಂತೆ ಎಂದ. ಸರಿ ಬನ್ನಿ ಎಂದು ಅವಳು ಕೊಡೆ ಬಿಚ್ಚಿದಳು.